ಸತ್ಯಭಾಮೆಯ ಮಾತು ಯಾರಿಗೆ ಕೇಳಿಸಿತು?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲೂಕುಗಳ ಜಾತ್ರಾ ಕಮಿಟಿಯವರಿಗೆ ಈಚೆಗೆ ಒಂದು ಅಂಕಿಯ ಮೋಹ ಹತ್ತಿಕೊಂಡಿದೆ. ಆ ಅಂಕಿ 32. ಹಿಂದೆ ಮೈಕ್‌ಸೆಟ್ಟಿನವನು ಬಂದರೆ ಹಾರ್ನು ಎಷ್ಟು ತಂದಿದ್ದೀ ಎಂದು ಕೇಳುತ್ತಿದ್ದರು. ಆಮೇಲೆ ಬಾಕ್ಸು ಎಷ್ಟು ಎಂದು ಕೇಳಹತ್ತಿದರು. ಈಗ “ಮಿಕ್ಸರ್ ಡಿಜಿಟಲ್ ಐತೇನು? ಮೂವತ್ತೆರಡು ಚಾನೆಲ್ ಐತೇನು?” ಎಂದು ಕೇಳುತ್ತಾರೆ. “ಐತ್ರಿ” ಎಂದರೆ ಕರಾರು ಮುಗಿಯಿತು. ಎಲೆಯಡಿಕೆ ಹಾಕಿಕೊಂಡು ಏಳುವುದೇ. ಹಾಡುವವರು ಯಾರು, ಹಾಡುವುದು ಏನು, ಆ ಯಂತ್ರದ ಮುಂದೆ ರಾತ್ರಿ ಕೂಡುವವನು ಯಾರು ಎಂಬ ಮಾತು ಬರುವುದೇ ಇಲ್ಲ. ಈ ಮೂರನ್ನು ಕೇಳದೆ ಮಿಕ್ಸರನ್ನು ಗೊತ್ತುಮಾಡುವುದೆಂದರೆ ವರನನ್ನು ನೋಡದೆ ಹಂದರದ ಅಳತೆ ತೆಗೆದಂತೆ.

ಇದರಲ್ಲಿ ಕಮಿಟಿಯವರದಷ್ಟೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮೈಕ್‌ಸೆಟ್ಟಿನ ಅಂಗಡಿಯವರು ಸಾಲ ತೆಗೆದು ದೊಡ್ಡ ಯಂತ್ರ ಕೊಳ್ಳುತ್ತಾರೆ. ಕೊಂಡ ಮೇಲೆ ಅದನ್ನೇ ಎಲ್ಲ ಕಡೆಗೂ ಒಯ್ಯಬೇಕಾಗುತ್ತದೆ. ಮದುವೆಗೂ ಅದೇ, ಗಣಪತಿಗೂ ಅದೇ, ರಸಮಂಜರಿಗೂ ಅದೇ, ಶ್ರೀಕೃಷ್ಣ ಪಾರಿಜಾತಕ್ಕೂ ಅದೇ. ಕಬ್ಬಿನ ಬಿಲ್ಲು ಬಂದ ವರ್ಷ ಪಕ್ಕದ ಊರಿನವರು ಏನು ತರಿಸಿದರೋ ಅದಕ್ಕಿಂತ ಒಂದು ಕೈ ಮೇಲಾದುದನ್ನು ತರಿಸುವ ಹುರುಪು ನಮ್ಮ ಕಡೆ ಇದ್ದೇ ಇದೆ. ಈ ಹುರುಪಿನಲ್ಲಿ ಯಾರಿಗೆ ಹಾನಿ ತಟ್ಟುತ್ತಿದೆ ಎಂಬುದನ್ನು ಹೇಳುವುದಕ್ಕೆ ನಾನು ಈ ಲೇಖನಿ ಹಿಡಿದೆ.

ಯಂತ್ರದ ಪರಿಚಯ ಇಲ್ಲದ ವಾಚಕರಿಗಾಗಿ ಎರಡು ಮಾತು. ರಂಗದ ಮೇಲಿನ ಒಂದೊಂದು ಮೈಕಿನ ಸದ್ದೂ ಒಂದೊಂದು ತಂತಿಯಲ್ಲಿ ಬಂದು ಸೇರುವ ಸ್ಥಳವೇ ಮಿಕ್ಸರ್. ಒಂದೊಂದು ತಂತಿಯ ಹಾದಿಗೆ ಚಾನೆಲ್ ಎಂದು ಹೆಸರು. ಯಾವ ದನಿ ಎಷ್ಟು ಕೇಳಿಸಬೇಕು, ಯಾವುದರ ಗಡಸುತನ ಇಳಿಸಬೇಕು, ಹಾಡುವವನ ಕಿವಿಗೆ ಏನು ಹಿಂದಿರುಗಿಸಬೇಕು ಎಂಬುದನ್ನೆಲ್ಲ ಅಲ್ಲಿ ಕೂತವನು ನಿರ್ಣಯಿಸುತ್ತಾನೆ. ಹಳೆಯ ಮಿಕ್ಸರಿನಲ್ಲಿ ಒಂದು ಕೆಲಸಕ್ಕೆ ಒಂದು ಗುಂಡಿ, ಎಲ್ಲವೂ ಕಣ್ಣೆದುರಿಗೇ. ಡಿಜಿಟಲ್ ಮಿಕ್ಸರಿನಲ್ಲಿ ಸದ್ದು ಒಳಗೆ ಹೋದೊಡನೆ ಅಂಕಿಯಾಗುತ್ತದೆ. ಸೆಕೆಂಡಿಗೆ 48 ಸಾವಿರ ಸಲ, ಕೆಲವು ಯಂತ್ರಗಳಲ್ಲಿ 96 ಸಾವಿರ ಸಲ ಅದನ್ನು ಅಳೆದು, ಅಂಕಿಯ ಮೇಲೆಯೇ ಸಂಸ್ಕಾರ ಮಾಡಿ, ಮತ್ತೆ ಸದ್ದಾಗಿ ಹೊರಗೆ ಬಿಡುತ್ತದೆ. ಒಂದು ಕೋಣೆ ತುಂಬುವಷ್ಟು ಸಾಮಾನು ಒಂದು ಪೆಟ್ಟಿಗೆಯೊಳಗೆ ಬಂದಂತಾಯಿತು. ಇದು ಹೊಸ ಸಂಗತಿಯೂ ಅಲ್ಲ. ಯಮಾಹಾ ಕಂಪನಿಯವರು 1987ರಲ್ಲಿಯೇ ಡಿಎಂಪಿ-7 ಎಂಬ ಚಿಕ್ಕ ಡಿಜಿಟಲ್ ಮಿಕ್ಸರನ್ನು ಹೊರಡಿಸಿದ್ದರು. 2012ರಲ್ಲಿ ಬೆಹ್ರಿಂಗರ್ ಕಂಪನಿಯ ಎಕ್ಸ್-32 ಬಂದು ಬೆಲೆಯನ್ನು ಇಳಿಸಿದ ಮೇಲೆ ತಾಲೂಕಿನ ಅಂಗಡಿಕಾರನ ಕೈಗೂ ಇಂಥ ಯಂತ್ರ ಎಟುಕುವಂತಾಯಿತು. ಆ 32ರ ಮೋಹದ ಮೂಲವೂ ಬಹುಶಃ ಅಲ್ಲಿಯೇ ಇದೆ.

ನಾನು ಹೀಗೆ ಆಕ್ಷೇಪ ಎತ್ತಿದೊಡನೆ ಧಾರವಾಡ-ಬೆಂಗಳೂರುಗಳ ಕೆಲವು ಪಂಡಿತರು ನನ್ನ ಬೆನ್ನು ತಟ್ಟಲು ಬರುತ್ತಾರೆಂದು ನನಗೆ ಗೊತ್ತು. “ನೀವು ಹೇಳುವುದು ಸರಿ, ಯಂತ್ರದಿಂದಲೇ ನಮ್ಮ ಜಾನಪದ ಕೆಟ್ಟಿತು, ಮೈಕಿಲ್ಲದ ಕಾಲದ ಆ ಕಂಠಗಳೆಲ್ಲಿ!” ಎಂದು ಅವರು ನಿಟ್ಟುಸಿರು ಬಿಡುತ್ತಾರೆ. ಈ ಮಹಾಶಯರ ಬೆಂಬಲ ನನಗೆ ಬೇಡ. ಮೈಕು ನಮ್ಮ ನೆಲಕ್ಕೆ ಪರದೇಶಿಯಲ್ಲ. ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರದಲ್ಲಿ ಹಾಡಿ ಇಡೀ ದೇಶದ ಕಿವಿಯನ್ನು ಸೆಳೆದದ್ದು ಮೈಕಿನ ಮೂಲಕವೇ. ಆಕೆಯ ಸೋದರಿ ಗೋಹರಬಾಯಿ ಬಾಲಗಂಧರ್ವರ ಜೊತೆಗೆ ರಂಗದ ಮೇಲೆ ಹಾಡಿದವರು. ಒಂದೇ ಮನೆಯ ಇಬ್ಬರಲ್ಲಿ ಒಬ್ಬರು ರಂಗಕ್ಕೆ, ಒಬ್ಬರು ಯಂತ್ರಕ್ಕೆ ಕಂಠ ಒಪ್ಪಿಸಿದರು. ಇಬ್ಬರ ಕಂಠವೂ ಕೆಡಲಿಲ್ಲ. ಅದೇ ಬೀಳಗಿಯ ಸನಾದಿ ಅಪ್ಪಣ್ಣನ ಹೆಸರು ಇಂದಿನ ಹುಡುಗರಿಗೆ ಗೊತ್ತಿರುವುದು ಯಾತರಿಂದ? ಬೀಳಗಿಯವರೇ ಆದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯಿಂದ, ಮತ್ತು 1977ರಲ್ಲಿ ಬಂದ ಚಲನಚಿತ್ರದಿಂದ. ಆ ಚಿತ್ರದಲ್ಲಿ ರಾಜಕುಮಾರರ ತುಟಿಗೆ ಸನಾದಿ. ಊದಿದ ಉಸಿರು ಬಿಸ್ಮಿಲ್ಲಾ ಖಾನರದು. ನಮ್ಮವರೆಗೆ ತಂದು ಮುಟ್ಟಿಸಿದ್ದು ಮೈಕು. ಯಂತ್ರ ಬೇಡವೆನ್ನುವವರು ಜಾತ್ರೆಯ ಬಯಲಿನಲ್ಲಿ ಮೂರು ಸಾವಿರ ಮಂದಿಯ ಹಿಂದೆ, ಬೆಂಡು-ಬತ್ತಾಸಿನ ಅಂಗಡಿಯ ಪಕ್ಕದಲ್ಲಿ ನಿಂತು ಪಾರಿಜಾತ ಕೇಳಿ ಬರಲಿ, ಆಮೇಲೆ ಮಾತಾಡೋಣ.

ಹಾಗಾದರೆ ನನ್ನ ಜಗಳ ಯಾರೊಡನೆ? ಯಂತ್ರವನ್ನು ಹಾಡಿನಿಂದ ಆರಿಸದೆ ಅಂಕಿಯಿಂದ ಆರಿಸುವವರೊಡನೆ.

ಶ್ರೀಕೃಷ್ಣ ಪಾರಿಜಾತವನ್ನೇ ತೆಗೆದುಕೊಳ್ಳಿರಿ. ಅಪರಾಳ ತಮ್ಮಣ್ಣನ ಕೃತಿ ಅದು. ಕುಲಗೋಡ ತಮ್ಮಣ್ಣ ಅದನ್ನು ಊರೂರಿಗೆ ಒಯ್ದು ಬೆಳೆಸಿದ. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಅದಕ್ಕೆ ಜೀವ ತೆತ್ತಳು. ಗೋಕಾಕ ಸೀಮೆಯಲ್ಲಿ ಬೆಳೆದದ್ದಾದರೂ ಘಟಪ್ರಭೆಯ ಈಚೆಗೆ ಮುಧೋಳ-ಜಮಖಂಡಿಗಳಲ್ಲಿ ಅದು ಮನೆಯ ಮಗಳೇ ಆಗಿಬಿಟ್ಟಿದೆ. ಈ ಆಟದ ಸೊಗಸು ಎಲ್ಲಿದೆ? ಕುಣಿತದಲ್ಲಿ ಅಲ್ಲ, ವೇಷದಲ್ಲಿಯೂ ಅಲ್ಲ. ಸತ್ಯಭಾಮೆ ಮುನಿದು ಆಡುವ ಮಾತಿನಲ್ಲಿ, ದೂತಿ ಭಾಗವತನಿಗೆ ಕೊಡುವ ಮರುಮಾತಿನಲ್ಲಿ, ಕೊರವಂಜಿಯ ಕಣಿಯಲ್ಲಿ ಇದೆ. ಮಾತು ಅಲ್ಲಿಯೇ ಹುಟ್ಟುತ್ತದೆ. ನಿನ್ನೆ ಆಡಿದ್ದನ್ನು ಇವತ್ತು ಆಡುವುದಿಲ್ಲ. ಊರಿನ ಗೌಡನ ಮೀಸೆಯೂ, ಈ ವರ್ಷದ ಮಳೆಯೂ, ಕಬ್ಬಿನ ಬಾಕಿಯೂ ಅದರೊಳಗೆ ಬರುತ್ತವೆ. ಮಾತು ಕೇಳಿಸದಿದ್ದರೆ ಪಾರಿಜಾತದಲ್ಲಿ ಉಳಿಯುವುದು ಒಂದು ಪೇಟೆ, ಒಂದು ಸೀರೆ, ಒಂದು ಹಾರ್ಮೋನಿಯಮ್ಮು.

ಈಗ ಲೆಕ್ಕ ಹಾಕೋಣ. ಪಾತ್ರಧಾರಿಗಳಿಗೆ ಆರು ಮೈಕು, ಭಾಗವತನಿಗೆ ಒಂದು, ಹಿಮ್ಮೇಳದವರಿಗೆ ಎರಡು, ಹಾರ್ಮೋನಿಯಮ್ಮಿಗೆ ಒಂದು, ತಬಲಾಕ್ಕೆ ಎರಡು. ಒಟ್ಟು ಹನ್ನೆರಡು. ತಾಳಕ್ಕೆ ಮೈಕು ಬೇಡ. ಅದು ಎಲ್ಲ ಮೈಕುಗಳಲ್ಲಿಯೂ ತಾನಾಗಿ ನುಗ್ಗುತ್ತದೆ, ಅದನ್ನು ತಡೆಯುವುದೇ ಕಷ್ಟ. ಹದಿನಾರು ಚಾನೆಲ್ಲಿನ ಮಿಕ್ಸರ್ ಇದ್ದರೆ ನಾಲ್ಕು ಮಿಗುತ್ತವೆ. ಗೀಗೀ ಮೇಳಕ್ಕೆ ಐದಾರು ಸಾಕು. ಭಜನಾ ಮೇಳಕ್ಕೆ ಎಂಟು. ಕರಡಿ ಮಜಲಿಗಂತೂ ಬಯಲಿನಲ್ಲಿ ಮೈಕಿನ ಮಾತೇ ಬೇಡ. ಕರಡಿಯ ಮುಂದೆ ಮೈಕು ಹಿಡಿಯುವುದು ಗುಡುಗಿಗೆ ತುತ್ತೂರಿ ಹಿಡಿದಂತೆ. ರಸಮಂಜರಿಯವರ ಮಾತು ಬೇರೆ. ಡ್ರಮ್ಮಿಗೇ ಏಳೆಂಟು ಮೈಕು, ಎರಡು ಕೀಬೋರ್ಡು, ಆಕ್ಟೋಪ್ಯಾಡು, ಢೋಲಕ, ಗಿಟಾರು, ಕೊಳಲು, ಐದಾರು ಮಂದಿ ಗಾಯಕರು, ನಿರೂಪಕಿ ಒಬ್ಬಳು. ಅಲ್ಲಿ 24 ದಾಟುತ್ತದೆ, 32 ಇರಲಿ. ಜಾತ್ರೆಯ ಐದು ದಿವಸಗಳಲ್ಲಿ ರಸಮಂಜರಿ ಒಂದು ರಾತ್ರಿ. ಆ ಒಂದು ರಾತ್ರಿಯ ಯಂತ್ರವನ್ನು ಉಳಿದ ನಾಲ್ಕು ರಾತ್ರಿಗಳ ತಲೆಯ ಮೇಲೆ ಹೊರಿಸುವುದು ಯಾವ ನ್ಯಾಯ?

“ಹೆಚ್ಚಿಗಿದ್ದರ ಏನ್ ಕೆಟ್ಟೀತ್ರಿ? ಬೇಕಾದಷ್ಟು ಬಳಸೂದು, ಉಳಿದದ್ದು ಸುಮ್ಮನಿರತೈತಿ” ಎಂದು ಒಬ್ಬ ಕಮಿಟಿಯ ಹಿರಿಯರು ನನ್ನೊಡನೆ ವಾದಿಸಿದರು. ಮೇಲುನೋಟಕ್ಕೆ ಸರಿಯಾದ ಮಾತು. ಆದರೆ ಸುಮ್ಮನಿರುವುದಿಲ್ಲ. ಮೂವತ್ತೆರಡು ಇದೆಯೆಂದಾಗ ರಂಗದ ಮೇಲೆ ಇಪ್ಪತ್ತು ಮೈಕು ನಿಲ್ಲುತ್ತವೆ, ನಿಂತವೆಲ್ಲ ತೆರೆದಿರುತ್ತವೆ. ತೆರೆದ ಮೈಕುಗಳ ಸಂಖ್ಯೆ ಎರಡರಷ್ಟಾದರೆ, ಸಿಳ್ಳು ಹೊಡೆಯುವ ಮೊದಲು ನಾವು ಏರಿಸಬಹುದಾದ ಸದ್ದು 3 ಡೆಸಿಬೆಲ್ಲಿನಷ್ಟು ಇಳಿಯುತ್ತದೆ. ಇದು ಯಾವ ಕಂಪನಿಯ ಯಂತ್ರಕ್ಕೂ ತಪ್ಪದ ನಿಯಮ. ಅಂದರೆ ಮೈಕು ಹೆಚ್ಚಿದಷ್ಟೂ ಮಾತು ಹಿಂದೆ ಸರಿಯುತ್ತದೆ, ಕಿರುಚು ಮುಂದೆ ಬರುತ್ತದೆ.

ಎರಡನೆಯ ಕೇಡು ಇದಕ್ಕಿಂತ ಸೂಕ್ಷ್ಮವಾದದ್ದು. ಎಕ್ಸ್-32ರ ಮುಖದ ಮೇಲೆ ಸರಿದಾಡುವ ಹಿಡಿಗಳು, ಫೇಡರುಗಳು ಎನ್ನುತ್ತಾರಲ್ಲ, ಅವು ಇರುವುದು 25. ಅವುಗಳಲ್ಲಿ ಮೈಕುಗಳಿಗೆಂದು ಎಡಗಡೆ ಇರುವುದು 16 ಮಾತ್ರ. ಉಳಿದ ಹದಿನಾರು ಚಾನೆಲ್ಲುಗಳು ಇನ್ನೊಂದು ಪದರಿನಲ್ಲಿ ಅಡಗಿವೆ. ಗುಂಡಿ ಒತ್ತಿದರೆ ಅದೇ ಹಿಡಿಗಳು ಸರ್ರನೆ ತಾವಾಗಿ ಸರಿದು ಬೇರೆ ಚಾನೆಲ್ಲುಗಳಾಗುತ್ತವೆ. ನೋಡಲು ಬಹು ಚೆಂದ. ಹುಡುಗರು ಅದನ್ನು ನೋಡಲೆಂದೇ ಸುತ್ತ ನೆರೆಯುತ್ತಾರೆ. ರಾತ್ರಿ ಎರಡು ಗಂಟೆಗೆ, ಹಿಂದಿನ ದಿನ ಇನ್ನೊಂದು ಊರಿನಲ್ಲಿ ನಿದ್ದೆಗೆಟ್ಟು ಬಂದ ಹುಡುಗನ ಬೆರಳಿನ ಕೆಳಗೆ ಈಗ ಇರುವುದು ಸತ್ಯಭಾಮೆಯೋ ಎಕೋವೋ ಎಂಬುದು ಅವನಿಗೆ ತಿಳಿಯಬೇಕು. ಈ ನಾಲ್ಕು ತಾಲೂಕುಗಳಲ್ಲಿಯೇ ಒಂದು ಊರಿನ ಜಾತ್ರೆಯಲ್ಲಿ ನಾನು ಕಂಡೆ: ಸತ್ಯಭಾಮೆ ರಂಗಕ್ಕೆ ಬಂದು ಹಾಡು ಎತ್ತಿಕೊಂಡಳು, ಕೇಳಿಸುತ್ತಿದ್ದುದು ತಬಲಾ ಮಾತ್ರ. ಆಪರೇಟರು ಹಿಡಿ ಏರಿಸಿದ; ತಬಲಾ ಇನ್ನೂ ಏರಿತು. ಮತ್ತೊಂದು ಏರಿಸಿದ, ಪರದೆಯ ಹಿಂದೆ ಬೀಡಿ ಸೇದುತ್ತ ಕೂತ ನಾರದನ ಕೆಮ್ಮು ಬಯಲೆಲ್ಲ ತುಂಬಿತು. ಮಂದಿ ನಕ್ಕರು. ಸತ್ಯಭಾಮೆಯ ಪಾತ್ರದ ಹೆಣ್ಣುಮಗಳು ನಗಲಿಲ್ಲ. ಆಕೆ ಮೈಕು ಕಿತ್ತಿಟ್ಟು ಬರಿಗಂಠದಿಂದ ಹಾಡಿದಳು; ಮೊದಲ ನಾಲ್ಕು ಸಾಲಿನವರು ಕೇಳಿದರು, ಉಳಿದವರು ಎದ್ದು ಮಿರ್ಚಿ-ಭಜಿಯ ಕಡೆಗೆ ನಡೆದರು.

ಆ ಹುಡುಗನನ್ನು ಬಯ್ಯಲು ನನಗೆ ಮನಸ್ಸು ಬರಲಿಲ್ಲ. ಅವನಿಗೆ ಯಂತ್ರವನ್ನು ಕೊಟ್ಟಿದ್ದರು, ಪಾರಿಜಾತವನ್ನು ಕೊಟ್ಟಿರಲಿಲ್ಲ. ಯಾವ ಪಾತ್ರ ಯಾವಾಗ ಬರುತ್ತದೆಂಬುದು ಅವನಿಗೆ ಗೊತ್ತಿರಲಿಲ್ಲ. ಹಿಂದಿನ ರಾತ್ರಿ ರಸಮಂಜರಿಗೆಂದು ಹೊಂದಿಸಿಟ್ಟ ಲೆಕ್ಕವನ್ನೇ (ಇದಕ್ಕೆ ಸೀನ್ ಎಂದು ಹೆಸರು) ಮತ್ತೆ ಕರೆದು ಕೂತಿದ್ದ. ಡಿಜಿಟಲ್ ಯಂತ್ರದ ದೊಡ್ಡ ಗುಣವೇ ಈ ನೆನಪಿನ ಶಕ್ತಿ. ಆದರೆ ನೆನಪಿಡಬೇಕಾದದ್ದು ಯಾವುದು ಎಂಬುದನ್ನು ಯಂತ್ರ ಹೇಳಲಾರದು. ಪಾರಿಜಾತಕ್ಕೊಂದು ಸೀನ್ ಮಾಡಿ, ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಹೆಸರು ಕೊಟ್ಟು ಇಟ್ಟುಕೊಂಡಿದ್ದರೆ ಮುಂದಿನ ವರ್ಷ ಅರ್ಧ ಗಂಟೆಯ ಕೆಲಸ ಐದು ನಿಮಿಷದಲ್ಲಿ ಮುಗಿಯುತ್ತಿತ್ತು.

ರಬಕವಿ-ಬನಹಟ್ಟಿಯ ವಿಷಯಕ್ಕೆ ಬಂದರೆ ಈ ಮಾತಿಗೆ ಇನ್ನೊಂದು ತೂಕ ಕೂಡುತ್ತದೆ. ಅದು ನೇಕಾರರ ಊರು. ಬೀದಿಯಲ್ಲಿ ನಡೆದರೆ ಎರಡೂ ಕಡೆ ಮಗ್ಗದ ಖಟಖಟ. ಪವರ್‌ಲೂಮಿನ ಕೋಣೆಯ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್ ಮೀರುತ್ತದೆ. ಅಂಥ ಸದ್ದಿನಲ್ಲಿ ಇಪ್ಪತ್ತು-ಮೂವತ್ತು ವರ್ಷ ದುಡಿದವರ ಕಿವಿ ಮೊಟ್ಟಮೊದಲು ಸೋಲುವುದು ಸೆಕೆಂಡಿಗೆ 4 ಸಾವಿರ ಕಂಪನಗಳ ಆಸುಪಾಸಿನಲ್ಲಿ ಎಂದು ಕಿವಿಯ ವೈದ್ಯರು ಹೇಳುತ್ತಾರೆ. ಇನ್ನು ಮಾತಿನ ಸ್ಪಷ್ಟತೆ ಎಲ್ಲಿದೆ? ಸ, ಶ, ತ, ಚ, ಕ ಮೊದಲಾದ ವ್ಯಂಜನಗಳ ಅಂಚು ಇರುವುದು 2 ಸಾವಿರದಿಂದ 4 ಸಾವಿರದ ಆಚೀಚೆಯೇ. ಸ್ವರಗಳು ಕೇಳಿಸುತ್ತವೆ, ವ್ಯಂಜನಗಳು ಜಾರುತ್ತವೆ. ಆದ್ದರಿಂದ ಬನಹಟ್ಟಿಯ ಹಿರಿಯ ನೇಕಾರನೊಬ್ಬ “ಸದ್ದು ಬರತೈತಿ, ಮಾತು ತಿಳಿಯಂಗಿಲ್ಲ” ಎಂದರೆ ಅವನು ಗೊಣಗುತ್ತಿಲ್ಲ. ಧ್ವನಿಶಾಸ್ತ್ರದ ಒಂದು ಸತ್ಯವನ್ನು ಹೇಳುತ್ತಿದ್ದಾನೆ. ಇದಕ್ಕೆ ನಮ್ಮ ಆಪರೇಟರುಗಳು ಕಂಡುಕೊಂಡ ಔಷಧವೆಂದರೆ ಒಟ್ಟು ಸದ್ದನ್ನು ಏರಿಸುವುದು. ಬೇಸು ಏರುತ್ತದೆ, ಎದೆ ನಡುಗುತ್ತದೆ, ಮಾತು ಮೊದಲಿದ್ದಲ್ಲಿಯೇ ಇರುತ್ತದೆ. ಬೇಕಾದದ್ದು ಪ್ರತಿಯೊಂದು ಕಂಠದ ಚಾನೆಲ್ಲಿನಲ್ಲಿ ನೂರು ಕಂಪನಗಳಿಗಿಂತ ಕೆಳಗಿನ ಗುಡುಗುಡನ್ನು ಕತ್ತರಿಸಿ, ಹಲಗೆಯ ಮೇಲಿನ ಹೆಜ್ಜೆಯ ಸದ್ದನ್ನೂ ಗಾಳಿಯ ಬುಸುಗುಟ್ಟುವಿಕೆಯನ್ನೂ ಹೊರಗಿಟ್ಟು, ವ್ಯಂಜನಗಳ ಜಾಗವನ್ನು ಮಾತ್ರ ಮೆಲ್ಲಗೆ ಎತ್ತುವುದು. ಅಗ್ಗದ ಡಿಜಿಟಲ್ ಮಿಕ್ಸರಿನಲ್ಲಿಯೂ ಪ್ರತಿ ಚಾನೆಲ್ಲಿಗೆ ಈ ಸೌಕರ್ಯ ಇದೆ. ಹಳೆಯ ಚಿಕ್ಕ ಮಿಕ್ಸರುಗಳಲ್ಲಿ ಬೇಸು-ಟ್ರೆಬಲ್ಲಿನ ಎರಡು ಗುಂಡಿಯ ಆಚೆಗೆ ಅಷ್ಟೇನೂ ಇರುತ್ತಿರಲಿಲ್ಲ. ಡಿಜಿಟಲ್ ಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ ಹೊರತು ಮಿನುಗುವ ದೀಪಗಳಿಗಾಗಿ ಅಲ್ಲ.

ಇನ್ನೊಂದು ಗುಣವೂ ಇದೆ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ರಂಗದಿಂದ 34 ಮೀಟರು ದೂರ ಎರಡನೆಯ ಜೋಡಿ ಬಾಕ್ಸು ನಿಲ್ಲಿಸಿದರೆ, ರಂಗದ ಸದ್ದು ಅಲ್ಲಿಗೆ ಮುಟ್ಟಲು ಸೆಕೆಂಡಿನ ಹತ್ತನೆಯ ಒಂದು ಭಾಗ ಬೇಕು. ತಂತಿಯಲ್ಲಿ ಹೋದದ್ದು ಕ್ಷಣಾರ್ಧದಲ್ಲಿ ಮುಟ್ಟಿರುತ್ತದೆ. ಎರಡೂ ಬಡಿದಾಡಿ ಒಂದೇ ಮಾತು ಎರಡು ಸಲ ಕೇಳಿಸುತ್ತದೆ. ಹಿಂದಿನ ಬಾಕ್ಸಿಗೆ ಅಷ್ಟು ತಡ ಕೊಡುವ ಅನುಕೂಲ ಡಿಜಿಟಲ್ ಮಿಕ್ಸರಿನ ಒಳಗೇ ಇದೆ. ನಮ್ಮ ಎಷ್ಟು ಜಾತ್ರೆಗಳಲ್ಲಿ ಅದನ್ನು ಬಳಸಿದ್ದನ್ನು ನೀವು ಕಂಡಿದ್ದೀರಿ? ನಾನು ಕಂಡದ್ದು ಎಲ್ಲ ಬಾಕ್ಸುಗಳನ್ನೂ ರಂಗದ ಎರಡೂ ಪಕ್ಕಕ್ಕೆ ಗೋಡೆಯಂತೆ ಒಟ್ಟಿದ್ದನ್ನು. ಮುಂದೆ ಕೂತ ಮಕ್ಕಳ ಕಿವಿ ಹರಿಯಬೇಕು, ಹಿಂದಿನವರಿಗೆ ಮಾತು ಮುಟ್ಟಬಾರದು. ಹಾಗೆ ಶಪಥ ಮಾಡಿ ಒಟ್ಟಿದಂತಿರುತ್ತದೆ.

ಎಕೋದ ವಿಷಯದಲ್ಲಿ ಮೇಳದವರೂ ಸ್ವಲ್ಪ ಕೇಳಿಸಿಕೊಳ್ಳಬೇಕು. “ಎಕೋ ಬಿಡ್ರಿ, ಇನ್ನ ಸ್ವಲ್ಪ ಬಿಡ್ರಿ” ಎಂದು ರಂಗದಿಂದಲೇ ಕೂಗುವವರು ಅವರೇ. ಆಲಾಪಕ್ಕೆ ಅದು ತುಪ್ಪವಿದ್ದಂತೆ, ಒಪ್ಪುತ್ತೇನೆ. ದೂತಿಯ ಚುರುಕು ಮಾತಿಗೆ ತುಪ್ಪ ಸುರಿದರೆ ಮಾತು ಜಾರಿ ಬೀಳುತ್ತದೆ.

ನಮ್ಮ ನೆಲದ ಇನ್ನೆರಡು ವಾಸ್ತವಗಳನ್ನು ದೊಡ್ಡ ಊರಿನ ಜಾಹೀರಾತುಗಳು ಹೇಳುವುದಿಲ್ಲ. ಮೊದಲನೆಯದು ಕರೆಂಟು. ಜಾತ್ರೆಯ ರಾತ್ರಿ ಕರೆಂಟು ಹೋಗುತ್ತದೆ, ಜನರೇಟರ್ ಹತ್ತುತ್ತದೆ. ನಡುವೆ ಕೆಲವು ಸೆಕೆಂಡು. ಹಳೆಯ ಮಿಕ್ಸರ್ ಕರೆಂಟು ಬಂದೊಡನೆ ಹಾಡುತ್ತಿತ್ತು. ಡಿಜಿಟಲ್ ಯಂತ್ರ ಕಂಪ್ಯೂಟರಿನ ಜಾತಿಯದು. ಎದ್ದು ಮೈಮುರಿದು ತನ್ನ ಹೆಸರು ತೋರಿಸಿ ಆಮೇಲೆ ಕೆಲಸಕ್ಕೆ ಬರುತ್ತದೆ. ಅಷ್ಟರಲ್ಲಿ ಕೊರವಂಜಿಯ ಕಣಿ ಮುಗಿದಿರುತ್ತದೆ. ಒಂದು ಯುಪಿಎಸ್ ಇಟ್ಟರೆ ಈ ತೊಂದರೆ ಇಲ್ಲ, ಯಂತ್ರದ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಆದರೆ ಮೂವತ್ತೆರಡು ಚಾನೆಲ್ ಕೇಳುವ ಕಮಿಟಿ ಯುಪಿಎಸ್ ಕೇಳಿದ್ದನ್ನು ನಾನು ಕಾಣೆ. ಎರಡನೆಯದು ಹಿಡಿಗಳೇ ಇಲ್ಲದ ಪೆಟ್ಟಿಗೆಯಂಥ ಮಿಕ್ಸರು. ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ವೈಫೈ ಮೂಲಕ ಅದನ್ನು ನಡೆಸುತ್ತಾರೆ. ಬೆಲೆ ಕಡಿಮೆ, ಹೊರುವುದೂ ಹಗುರ. ಸಭಾಭವನದಲ್ಲಿ ಇನ್ನೂರು ಮಂದಿಯ ನಡುವೆ ಸೊಗಸಾಗಿ ನಡೆಯುತ್ತದೆ. ಮೂರು ಸಾವಿರ ಮೊಬೈಲುಗಳ ನಡುವೆ ಯಂತ್ರದೊಳಗಿನ ಆ ಚಿಕ್ಕ ವೈಫೈ ಉಸಿರುಗಟ್ಟುತ್ತದೆ. ಬೆರಳು ಇಲ್ಲಿ ಸರಿದರೆ ಸದ್ದು ಅಲ್ಲಿ ಸರಿಯುವುದಿಲ್ಲ. ಅಂಥದ್ದನ್ನು ಕೊಂಡವರು ಬೇರೆಯಾದ ಒಂದು ರೌಟರನ್ನಾದರೂ ಇಟ್ಟುಕೊಳ್ಳಲಿ, ಅಥವಾ ತಂತಿಯಿಂದಲೇ ಜೋಡಿಸಿಕೊಳ್ಳಲಿ. ಇನ್ನು ಎರೆಮಣ್ಣಿನ ಧೂಳು. ಸರಿದಾಡುವ ಹಿಡಿಗಳ ಸಂದಿಯಲ್ಲಿ ಅದು ಇಳಿದರೆ ಯಂತ್ರ ಮೊಂಡಾಗುತ್ತದೆ. ಕೆಟ್ಟಾಗ ಎಲ್ಲಿಗೆ ಒಯ್ಯಬೇಕು, ಎಷ್ಟು ದಿನಕ್ಕೆ ಮರಳಿ ಬರುತ್ತದೆ ಎಂದು ಕೊಳ್ಳುವ ಮೊದಲೇ ಕೇಳಿಕೊಂಡವನು ಜಾಣ.

ಹೆಸರು ಹೇಳದೆ ಉಪದೇಶ ಮಾಡುವುದು ಸುಲಭ; ಆದ್ದರಿಂದ ಹೆಸರನ್ನೇ ಹೇಳುತ್ತೇನೆ. ಪಾರಿಜಾತ, ಭಜನೆ, ಗೀಗೀ, ಪುರಾಣ-ಪ್ರವಚನ ಇವೇ ಹೆಚ್ಚಾಗಿರುವ ಅಂಗಡಿಕಾರನು ಹದಿನಾರು ಮೈಕಿನ ಯಂತ್ರವನ್ನು ಕೊಳ್ಳಲಿ. ಯಮಾಹಾದವರ ಟಿಎಫ್-1, ಆಲನ್ ಅಂಡ್ ಹೀತರ ಎಸ್‌ಕ್ಯೂ-5 ಈ ಎರಡಕ್ಕೂ ಹದಿನಾರು ಮೈಕಿನ ದಾರಿ, ಹದಿನಾರು ಹಿಡಿ, ಒಟ್ಟಿಗೊಂದು ಹಿಡಿ. ಹಾಡುವವರೆಲ್ಲ ಒಂದೇ ಪುಟದಲ್ಲಿ ಕಣ್ಣೆದುರಿಗೆ ಇರುತ್ತಾರೆ. ಪದರು ತಿರುವುವ ಪ್ರಮೇಯ ಅಪರೂಪ. ರಸಮಂಜರಿಯೇ ಮುಖ್ಯ ಕಸುಬಾದವನಿಗೆ ಎಕ್ಸ್-32 ಒಳ್ಳೆಯದೇ. ಅದನ್ನು ಪಾರಿಜಾತಕ್ಕೆ ಒಯ್ಯುವುದೇ ಆದರೆ ಹನ್ನೆರಡೂ ದನಿಗಳನ್ನು ಮೊದಲ ಪದರಿನಲ್ಲಿಯೇ ಇಟ್ಟು, ಉಳಿದದ್ದನ್ನು ಮರೆತುಬಿಡಲಿ. ಇವುಗಳಲ್ಲಿ ಯಾವುದರ ದನಿ ಮಧುರ ಎಂಬ ಚರ್ಚೆ ಪಂಡಿತರಿಗೆ ಇರಲಿ. ಜಾತ್ರೆಯ ಬಯಲಿನಲ್ಲಿ ಆ ವ್ಯತ್ಯಾಸಕ್ಕಿಂತ ಪಾತ್ರಧಾರಿಯ ತುಟಿಗೂ ಮೈಕಿಗೂ ನಡುವಿನ ಅಂತರ ಹೆಚ್ಚಿನದು. ಆ ಅಂತರ ಎರಡರಷ್ಟಾದರೆ 6 ಡೆಸಿಬೆಲ್ ಹೋಯಿತು.

ಯಂತ್ರಕ್ಕೆ ಇಷ್ಟು ಹೇಳಿದ ಮೇಲೆ ಮನುಷ್ಯನಿಗೆ ಬರೋಣ. ಕಮಿಟಿಯ ಖರ್ಚಿನ ಪಟ್ಟಿಯನ್ನು ನಾನು ಒಂದೆರಡು ಕಡೆ ನೋಡಿದ್ದೇನೆ. ಹಂದರ, ದೀಪ, ಬಾಕ್ಸು, ಮಿಕ್ಸರು, ಜನರೇಟರು, ಸನ್ಮಾನದ ಶಾಲು, ಅತಿಥಿಗಳ ಊಟ ಎಲ್ಲಕ್ಕೂ ಒಂದೊಂದು ಸಾಲು. ಆಪರೇಟರನಿಗೆ ಸಾಲು ಇಲ್ಲ. ಅವನು ಮಿಕ್ಸರಿನ ಜೊತೆಗೆ ಉಚಿತವಾಗಿ ಬರುವ ವಸ್ತು. ಆಟಕ್ಕೆ ಮುಂಚೆ ಮೇಳದವರನ್ನು ಒಂದು ತಾಸು ರಂಗದ ಮೇಲೆ ನಿಲ್ಲಿಸಿ ದನಿ ಪರೀಕ್ಷಿಸುವುದಕ್ಕೂ ಸಾಲು ಇಲ್ಲ. ಆ ಹೊತ್ತಿನಲ್ಲಿ ರಂಗದ ಮೇಲೆ ಸನ್ಮಾನ ನಡೆದಿರುತ್ತದೆ. ಅದು ಮುಗಿದು ಮೇಳ ಏರುವ ಹೊತ್ತಿಗೆ ಹತ್ತು ಗಂಟೆ. ಸನ್ಮಾನಿತರೆಲ್ಲ ಕಾರು ಹತ್ತಿ ಹೋಗಿರುತ್ತಾರೆ; ಅವರ ಭಾಷಣಗಳು ಮಾತ್ರ ಊರಿಗೆಲ್ಲ ಸ್ಪಷ್ಟವಾಗಿ ಕೇಳಿಸಿರುತ್ತವೆ, ಏಕೆಂದರೆ ಭಾಷಣಕ್ಕೆ ತೆರೆದ ಮೈಕು ಒಂದೇ.

ಮಿಕ್ಸರನ್ನು ಇಡುವ ಜಾಗವೂ ಹಾಗೆಯೇ. ರಂಗದ ಪಕ್ಕದಲ್ಲಿ, ಬಾಕ್ಸಿನ ಬೆನ್ನಿಗೆ, ಪರದೆಯ ಮರೆಯಲ್ಲಿ ಅವನನ್ನು ಕೂಡಿಸುತ್ತಾರೆ. ಮಂದಿ ಕೇಳುವುದನ್ನು ಅವನು ಕೇಳುವುದೇ ಇಲ್ಲ. ರಂಗದಿಂದ ಯಂತ್ರದವರೆಗೆ ದಪ್ಪನೆಯ ತಂತಿ ಎಳೆಯಬೇಕಾಗಿದ್ದ ಕಾಲದಲ್ಲಿ ಇದಕ್ಕೊಂದು ನೆಪವಿತ್ತು. ಈಗ ರಂಗದ ಮೇಲೆ ಒಂದು ಪೆಟ್ಟಿಗೆ ಇಟ್ಟು, ಅಲ್ಲಿಂದ ಕಂಪ್ಯೂಟರಿನ ಜಾಲಕ್ಕೆ ಬಳಸುವಂಥ ಒಂದೇ ತೆಳುವಾದ ತಂತಿಯನ್ನು ಎಳೆದರೆ ಹದಿನಾರು ದನಿಗಳೂ ಅದರಲ್ಲಿಯೇ ಬರುತ್ತವೆ. ಮಂದಿಯ ನಡುವೆ ನಾಲ್ಕು ಬಿದಿರು ನೆಟ್ಟು ಹಗ್ಗ ಕಟ್ಟಿ ಅವನನ್ನು ಕೂಡಿಸಬೇಕು. “ಜಾಗ ಹೋಗತೈತಿ, ಹತ್ತು ಕುರ್ಚಿ ಕಮ್ಮಿ ಆಗತಾವ” ಎನ್ನುತ್ತಾರೆ. ಹತ್ತು ಕುರ್ಚಿಗಾಗಿ ಮೂರು ಸಾವಿರ ಮಂದಿಯ ಮಾತು ಹೋದರೂ ಚಿಂತೆಯಿಲ್ಲ.

ಕಾಯಿದೆಯ ಮಾತನ್ನೂ ಎತ್ತಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರ ವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬ ಹಾಗೂ ಸಾಂಸ್ಕೃತಿಕ ಸಮಾರಂಭಗಳಿಗಾಗಿ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರಕಾರಕ್ಕೆ ಇದೆ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಬೆಳತನಕ ಆಡುವ ಪಾರಿಜಾತಕ್ಕೆ ಇದರಿಂದ ಉರುಳು ಬಿದ್ದಿದೆ ಎಂದು ಮೇಳದವರು ಹಲುಬುತ್ತಾರೆ. ಉರುಳು ಹಾಕಿಸಿದವರು ಯಾರು? ಸಿಕ್ಕಿದ್ದಕ್ಕೆಲ್ಲ ಬಾಕ್ಸು ಒಟ್ಟಿ ಕಿಟಕಿಯ ಗಾಜು ನಡುಗಿಸಿದ ಡಿಜೆಯವರು. ಅವರ ಪಾಪವನ್ನು ಸತ್ಯಭಾಮೆ ಹೊರುತ್ತಿದ್ದಾಳೆ. ಮಿತಿಯೊಳಗೆ ಮಾತು ಸ್ಪಷ್ಟವಾಗಿ ಕೇಳಿಸುವಂತೆ ಮಾಡಿ ತೋರಿಸಿದ ಊರು, ಆಟವನ್ನು ಸಂಜೆ ಏಳಕ್ಕೆ ಎತ್ತಿಕೊಂಡ ಊರು, ನಾಳೆ ತಹಸೀಲದಾರರ ಮುಂದೆ ನಿಂತು ಪರವಾನಗಿ ಕೇಳಿದರೆ ಆ ಕೇಳಿಕೆಗೆ ಮುಖ ಇರುತ್ತದೆ. ಸನ್ಮಾನ ಬೇಕಾದರೆ ಮರುದಿನ ಬೆಳಿಗ್ಗೆ ಮಾಡಲಿ.

ಕಡೆಗೆ, ಡಿಜಿಟಲ್ ಮಿಕ್ಸರಿನ ಯಾವ ಗುಣಕ್ಕಾಗಿ ನಾನು ಪಾರಿಜಾತದ ಮೇಳಗಳಿಗೇ ಅದು ಬೇಕೆಂದು ಹಟ ಹಿಡಿದಿದ್ದೇನೋ ಅದನ್ನು ಯಾವ ಕಮಿಟಿಯೂ ಕೇಳಿಲ್ಲ. ಈ ಯಂತ್ರಗಳು ಹಾಡುವಾಗಲೇ ಬರೆದಿಡಬಲ್ಲವು. ಎಕ್ಸ್-32ಕ್ಕೆ ಒಂದು ಲ್ಯಾಪ್‌ಟಾಪ್ ಜೋಡಿಸಿದರೆ ಮೂವತ್ತೆರಡು ದನಿಗಳೂ ಬೇರೆ ಬೇರೆಯಾಗಿ ದಾಖಲಾಗುತ್ತವೆ. ಭಾಗವತನ ಕಂಠ ಬೇರೆ, ದೂತಿಯ ನಗೆ ಬೇರೆ, ತಬಲಾ ಬೇರೆ. ಮರುದಿನ ಮೇಳದವರು ಮಲಗಿರುವಾಗ ಅದನ್ನೇ ಮತ್ತೆ ಯಂತ್ರಕ್ಕೆ ಬಿಟ್ಟು, ಹುಡುಗನು ತಪ್ಪುಗಳನ್ನು ತಿದ್ದಿಕೊಳ್ಳಲೂಬಹುದು. ಹಳೆಯ ಮೇಳಗಳ ಮಾತುಗಾರಿಕೆ ಆಡಿದವರ ಜೊತೆಗೇ ಮಣ್ಣಿಗೆ ಹೋಗುತ್ತದೆ. ಅಚ್ಚಾದ ಪುಸ್ತಕದಲ್ಲಿರುವುದು ಹಾಡು ಮಾತ್ರ, ಅಂದಂದಿನ ಮರುಮಾತು ಅಲ್ಲಿಲ್ಲ. ಎಪ್ಪತ್ತು ದಾಟಿದ ಭಾಗವತನೊಬ್ಬ ಈ ವರ್ಷ ಲೋಕಾಪುರದ ಕಡೆಯೋ ತೇರದಾಳದ ಕಡೆಯೋ ಹಾಡುತ್ತಿದ್ದರೆ, ಅವನ ಮುಂದಿರುವ ಯಂತ್ರಕ್ಕೆ ಅವನನ್ನು ಉಳಿಸಿಡುವ ಶಕ್ತಿಯಿದೆ, ಒತ್ತಬೇಕಾದ ಗುಂಡಿಯನ್ನು ಒತ್ತುವವರು ಇಲ್ಲ. ಒತ್ತಿದರೆ ಆ ದಾಖಲೆ ಯಾರದು? ಮೈಕ್‌ಸೆಟ್ಟಿನ ಅಂಗಡಿಯವನದಲ್ಲ, ಕಮಿಟಿಯದೂ ಅಲ್ಲ. ಆಟ ಮುಗಿದ ಬೆಳಿಗ್ಗೆ ಅದರ ಒಂದು ಪ್ರತಿ ಭಾಗವತನ ಕೈಗೆ ಬರಬೇಕು, ಅವನ ಒಪ್ಪಿಗೆಯಿಲ್ಲದೆ ಎಲ್ಲಿಯೂ ಬಿತ್ತರವಾಗಕೂಡದು. ಕರಾರುಪತ್ರದಲ್ಲಿ ಇದಕ್ಕೊಂದು ಸಾಲು ಬರೆಯಿರಿ. ಮಿಕ್ಸರಿನ ಬಾಡಿಗೆಯ ಮೊತ್ತದ ಕೆಳಗೆ, ಸಹಿಗಳ ಮೇಲೆ ಬೇಕಾದಷ್ಟು ಜಾಗ ಇರುತ್ತದೆ.